ಗಿರಣಿ ಚಾಳದ ಹಸಿರು

ವೈಜಯಂತಿ ಮೇಡಂ ಒಂದು ದಿನ ಚಹಾ ಕುಡಿಯುತ್ತ, "ಮೌನೇಶ್, ಗೋಡೆಗೆ ನೋವಾದ್ರೆ ಅದೇ ಬಾಯಿಬಿಟ್ಟು ಹೇಳೋ ಹಾಗಿದ್ರೆ ಹೇಗಿರುತ್ತೆ?" ಎಂದು ಕೇಳಿದರು. "ಮೊದಲ ಕಟ್ಟಿಸಿದ ಗುತ್ತಿಗೆದಾರನ್ನ ಬೈತೈತ್ರಿ ಮೇಡಂ" ಎಂದೆ. ಅವರು ನಕ್ಕರು, ನಾನೂ ನಕ್ಕೆ. ಹನ್ನೊಂದು ವರ್ಷದ ಹಿಂದಿನ ಮಾತು ಅದು.

ನಾನು ಮೌನೇಶ ಕಮ್ಮಾರ. ಹುಬ್ಬಳ್ಳಿಯ ಹೊರವಲಯದಲ್ಲಿದ್ದ ನಮ್ಮ ವಿಶ್ವವಿದ್ಯಾಲಯದ ನಗರ ದೃಢತಾ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗಾಲಯದ ಇನ್‌ಸ್ಟ್ರಕ್ಟರ್. ಅಷ್ಟುದ್ದ ಹೆಸರು ಬೋರ್ಡಿನ ಮೇಲೆ ಮಾತ್ರ. ಊರವರಿಗೆ ಅದು 'ಅಲುಗಾಡೋ ಶೆಡ್ಡು'. ಒಳಗೆ ಎರಡು ಲಾರಿ ನಿಲ್ಲುವಷ್ಟು ದೊಡ್ಡ ಕಬ್ಬಿಣದ ಮೇಜಿತ್ತು. ಅದರ ಮೇಲೆ ಇಟ್ಟಿಗೆಯ ಕೋಣೆ ಕಟ್ಟಿ, ಗುಂಡಿ ಒತ್ತಿ ಭೂಕಂಪದಂತೆ ಅಲುಗಾಡಿಸಿ, ಗೋಡೆ ಎಲ್ಲಿ ಮೊದಲು ಸೀಳುತ್ತದೆ ಎಂದು ನೋಡುವುದು ನಮ್ಮ ಕೆಲಸ. ಮೇಡಂ ಅದರ ಮುಖ್ಯಸ್ಥೆ, ಮೈಸೂರಿನ ಕಡೆಯವರು. ನಾನು ಕಟ್ಟುವವನೂ ಹೌದು, ಕೆಡಹುವವನೂ ಹೌದು.

ಮೇಡಂ ಕಂಡುಹಿಡಿದದ್ದು ಕರಿಗಾರೆಯನ್ನು. ಸುಣ್ಣದ ಗಾರೆಗೆ ಕೂದಲಿಗಿಂತ ಸಣ್ಣ ಇಂಗಾಲದ ಎಳೆಗಳನ್ನು ಕಲಸಿ, ಗೋಡೆಯ ಮೇಲೆ ಅಂಗೈ ಅಗಲದ ಪಟ್ಟಿ ಬಳಿಯುವುದು. ಪಟ್ಟಿಯಲ್ಲಿ ಚೂರೇ ಚೂರು ಕರೆಂಟು ಹರಿಯುತ್ತಿರುತ್ತದೆ. ಗೋಡೆ ಬಿಸಿಲಿಗೆ ಉಬ್ಬಿದರೆ, ತಂಪಿಗೆ ಕುಗ್ಗಿದರೆ ಎಳೆಗಳೂ ಹಿಗ್ಗಿ ಕುಗ್ಗಿ, ಕರೆಂಟು ಹೆಚ್ಚುಕಡಿಮೆ ಆಗುತ್ತದೆ. ಹೀಗೆ ಪ್ರತಿ ಗೋಡೆಗೂ ಒಂದು ದಿನಚರಿ ಇರುತ್ತದೆ, ನಮಗೆ ಉಸಿರಿದ್ದ ಹಾಗೆ. ಆ ದಿನಚರಿ ತಪ್ಪಿದರೆ ಒಳಗೆ ಏನೋ ಬಿರಿಯುತ್ತಿದೆ ಎಂದರ್ಥ. ಹುಬ್ಬಳ್ಳಿಯ ಹಳೆಯ ಕಟ್ಟಡಗಳಿಗೆಲ್ಲ ಪಟ್ಟಿ ಬಳಿದೆವು. ವಾರ್ಡಿಗೊಂದರಂತೆ ಇಪ್ಪತ್ತೆರಡು ಯಂತ್ರಗಳು ನಮ್ಮ ಶೆಡ್ಡಿನಲ್ಲಿ ಕೂತು ಊರಿನ ಗೋಡೆಗಳ ಮಾತು ಕೇಳತೊಡಗಿದವು. ಪ್ರತಿ ಮನೆಯವರ ಫೋನಿನಲ್ಲೂ ಒಂದು ಬಣ್ಣ: ಹಸಿರಾದರೆ ಕ್ಷೇಮ, ಹಳದಿಯಾದರೆ ಎಂಜಿನಿಯರು ಬಂದು ನೋಡುತ್ತಾರೆ, ಕೆಂಪಾದರೆ ಉಟ್ಟ ಬಟ್ಟೆಯಲ್ಲೇ ಹೊರಗೆ ಬರಬೇಕು.

ಜನ ಎಷ್ಟು ಬೇಗ ಒಗ್ಗಿಕೊಂಡರೆಂದರೆ ನಮಗೇ ಆಶ್ಚರ್ಯ. ಬೆಳಿಗ್ಗೆ ಎದ್ದು ಅಂಗೈ ನೋಡಿಕೊಳ್ಳುತ್ತಿದ್ದವರು ಫೋನ್ ನೋಡಿಕೊಳ್ಳತೊಡಗಿದರು. ಬಾಡಿಗೆಗೆ ಮನೆ ಕೇಳಲು ಹೋದವರು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳುವ ಮುಂಚೆ "ಹಸಿರು ಐತೇನ್ರಿ?" ಎನ್ನುತ್ತಿದ್ದರು. ಬೀಗರು ಕೂಡ ಹುಡುಗನ ಮನೆಯ ಬಣ್ಣ ಕೇಳಿಯೇ ಮಾತಿಗೆ ಕೂರುತ್ತಿದ್ದರು. ಗೋಡೆ ತಟ್ಟಿ ನೋಡುವುದು, ಬಿರುಕಿಗೆ ಕಾಗದ ಅಂಟಿಸಿ ಹರಿಯಿತೇ ಎಂದು ಕಾಯುವುದು ಎಲ್ಲ ನಿಂತುಹೋಯಿತು. ನನಗೆ ಒಳಗೊಳಗೇ ಹೆಮ್ಮೆ. ಕಮ್ಮಾರನ ಮಗ ಇಡೀ ಹುಬ್ಬಳ್ಳಿಯ ಗೋಡೆಗಳನ್ನು ಕಾಯುತ್ತಿದ್ದಾನೆ ಎಂದು ಅಕ್ಕ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದಳು.

ಮೇಡಂ ಒಂದು ಕಟ್ಟುನಿಟ್ಟಿನ ನಿಯಮ ಇಟ್ಟಿದ್ದರು. ಯಾವುದಾದರೂ ಗೋಡೆಯ ಮಾತು ಕೇಳಿಸದಿದ್ದರೆ ಬಣ್ಣ ಕೆಂಪಾಗಬೇಕು. ಗೊತ್ತಿಲ್ಲ ಎಂದರೆ ಅಪಾಯ ಎಂದೇ ತಿಳಿಯಬೇಕು. ಒಳ್ಳೆಯ ನಿಯಮ. ಅದನ್ನು ಕೆಡಿಸಿದವನು ನಾನು.

ಆದದ್ದಿಷ್ಟು. ಮೊದಲ ವರ್ಷದ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನ ಯಂತ್ರಗಳನ್ನೆಲ್ಲ ಒರೆಸಿ, ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ ಆರಿಸಿಟ್ಟೆ. ನಮ್ಮ ಮನೆಯಲ್ಲಿ ಆ ದಿನ ಅಪ್ಪ ಸುತ್ತಿಗೆಯನ್ನು ಬೆರಳಿನಿಂದಲೂ ಮುಟ್ಟುತ್ತಿರಲಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನ ಬಿಡುವು ಬೇಡವೇ? ಸರಿ, ಗೋಡೆಗಳ ಮಾತು ನಿಂತಿತು, ಊರೆಲ್ಲ ಕೆಂಪಾಯಿತು. ಸಾವಿರಾರು ಜನ ಹೋಳಿಗೆ ತಾಟು ಹಿಡಿದುಕೊಂಡೇ ರಸ್ತೆಗೆ ಬಂದರು. ಮೇಲಿನವರಿಂದ ಮೇಡಂ ಅವರಿಗೆ ಬಂದ ಬೈಗುಳ ಅಷ್ಟಿಷ್ಟಲ್ಲ.

ಮರುವರ್ಷ ನಾನು ಬುದ್ಧಿವಂತಿಕೆ ಮಾಡಿದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಪೂಜೆಯ ದಿನ ಯಂತ್ರ ಬಿಡುವಿನಲ್ಲಿದ್ದಾಗ ಹಿಂದಿನ ದಿನದ ದಿನಚರಿಯನ್ನೇ ಪುನಃ ಪುನಃ ತೋರಿಸುವಂತೆ ಪ್ರೋಗ್ರಾಮಿಗೆ ನಾಲ್ಕು ಸಾಲು ಬರೆದು ಸೇರಿಸಿದೆ. ಅದಕ್ಕೆ 'ಪೂಜಾ ಹಸಿರು' ಎಂದು ಹೆಸರನ್ನೂ ಇಟ್ಟೆ. ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಒಂದೇ ದಿನಕ್ಕೆ ತಾನೆ ಮೌನೇಶ್?"

"ಒಂದ ದಿನಕ್ಕರೀ ಮೇಡಂ. ಮರುದಿನ ಬನ್ನಿ ಕೊಡೂಕಿಂತ ಮೊದಲ ಎಲ್ಲಾ ಎಬ್ಬಸ್ತೇನ್ರಿ."

ತಾನಾಗಿ ಎಚ್ಚರವಾಗುವ ಹಾಗೆ ಬರೆದುಬಿಡಿ ಎಂದರು ಅವರು. ಬೇಡ ಎಂದವನು ನಾನೇ. ಪೂಜೆಗೆ ಕೂರಿಸಿದ್ದನ್ನು ಕೈಯಾರೆ ಎಬ್ಬಿಸಬೇಕು, ಹೂ ತೆಗೆದು ನಮಸ್ಕಾರ ಮಾಡಿ ಒಂದೊಂದನ್ನೇ ಎಬ್ಬಿಸುತ್ತೇನೆ ಎಂದೆ. ಅವರು ದೇವರು ದಿಂಡರು ಎನ್ನುವವರಲ್ಲ, ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಸುಮ್ಮನಾದರು. ಆರು ವರ್ಷ ಹಾಗೇ ನಡೆಯಿತು, ಒಂದು ಸಲವೂ ತಪ್ಪಲಿಲ್ಲ.

ಏಳನೆಯ ವರ್ಷದ ವಿಜಯದಶಮಿ. ಕಾಯಿ ಒಡೆದು, ಒಂದನೇ ಯಂತ್ರದಿಂದ ಆರಂಭಿಸಿ ಆರನೆಯದರ ಹೂ ತೆಗೆದಿದ್ದೆ. ಅಷ್ಟರಲ್ಲಿ ವಿಭಾಗದವರೆಲ್ಲ ಬನ್ನಿ ಹಿಡಿದು ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು ಮೌನೇಶಣ್ಣಾ" ಎನ್ನುತ್ತ ಕೈಗೆ ಎಲೆ ಕೊಟ್ಟರು, ಅಪ್ಪಿಕೊಂಡರು, ಪೇಢೆ ತಿನ್ನಿಸಿದರು. ಹಿರಿಯರ ಕಾಲಿಗೆ ಬಿದ್ದೆ, ಕಿರಿಯರು ನನ್ನ ಕಾಲಿಗೆ ಬಿದ್ದರು. ನಗುನಗುತ್ತ ಒಳಗೆ ಬಂದು ಎಂಟನೆಯ ಯಂತ್ರದ ಹೂ ತೆಗೆದೆ. ಏಳನೆಯದು ಹಾಗೇ ಉಳಿಯಿತು. ಸಂಜೆ ಕಸ ಗುಡಿಸುವವರು ಅದರ ಮೇಲಿನ ಒಣಗಿದ ಹೂವನ್ನು ಎತ್ತಿಕೊಂಡು ಹೋದರು. ಪರದೆಯ ಮೇಲೆ ಇಪ್ಪತ್ತೆರಡು ಹಸಿರು ದೀಪಗಳು. ಯಾರಿಗೆ ಗೊತ್ತಾಗಬೇಕು?

ಏಳನೇ ವಾರ್ಡಿನಲ್ಲಿ ಗಿರಣಿ ಚಾಳ ಇತ್ತು. ಹಿಂದೆ ಅರಳೆ ಗಿರಣಿಯ ಕೆಲಸದವರಿಗೆಂದು ಕಟ್ಟಿದ್ದ ಎರಡು ಅಂತಸ್ತಿನ ಉದ್ದನೆಯ ಕಟ್ಟಡ, ಇಪ್ಪತ್ತಾರು ಮನೆ, ನಡುವೆ ಒಂದು ಮರದ ಮೆಟ್ಟಿಲು. ಮೇಲಿನ ಸಾಲಿನಲ್ಲಿ ನನ್ನ ಅಕ್ಕ ಕಾಳವ್ವ ಮತ್ತು ಆಕೆಯ ಗಂಡ ಪ್ರಭಾಕರ ಮಾಮಾ ಇದ್ದರು. ಮಾಮಾ ಬಡಿಗತನ ಮಾಡುತ್ತಿದ್ದರು. ಅವರ ಪಕ್ಕದ ಮನೆ ಹುಸೇನಬಿಯದು. ಗಂಡ ತೀರಿಕೊಂಡ ಮೇಲೆ ಬ್ಲೌಸು ಹೊಲಿದು ಒಬ್ಬಳೇ ಮಗಳು ರೇಷ್ಮಾಳನ್ನು ನರ್ಸಿಂಗ್ ಓದಿಸಿದವಳು.

ಮರುವರ್ಷದ ಜೂನಿನಲ್ಲಿ ಅಕ್ಕ ಫೋನ್ ಮಾಡಿದಳು. "ತಮ್ಮಾ, ಬಾಗಲಾ ಹಾಕಾಕ ಬರವಲ್ದು. ರಾತ್ರಿ ಗ್ವಾಡಿ ಒಳಗ ಕಟ್ ಕಟ್ ಅಂತೈತಿ. ನೋಡು ಒಮ್ಮೆ."

ನಾನು ಕುರ್ಚಿಯಲ್ಲೇ ತಿರುಗಿ ಪರದೆ ನೋಡಿದೆ. ಹಸಿರು. "ಏನಾಗಿಲ್ಲಕ್ಕಾ, ಮಳಿಗೆ ಕಟ್ಟಿಗಿ ಉಬ್ಬಿರತೈತಿ. ಮನ್ಯಾಗ ಬಡಿಗ್ಯಾನ್ನ ಇಟಗೊಂಡು ನನಗ ಫೋನ್ ಮಾಡತೀಯಲ್ಲ!" ಎಂದು ಚೇಷ್ಟೆ ಮಾಡಿದೆ.

ಆದರೂ ಭಾನುವಾರ ಊಟಕ್ಕೆ ಹೋದೆ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಊಟ ಆದಮೇಲೆ ಮಾಮಾ ನನ್ನನ್ನು ಬಾಗಿಲ ಬಳಿ ಕರೆದುಕೊಂಡು ಹೋಗಿ, ಚೌಕಟ್ಟಿನ ಮೂಲೆಗೆ ತಮ್ಮ ಮೂಲೆಮಟ್ಟ ಇಟ್ಟು ತೋರಿಸಿದರು. ಮೇಲ್ಗಡೆ ಮಟ್ಟಕ್ಕೂ ಚೌಕಟ್ಟಿಗೂ ನಡುವೆ ಕಿರುಬೆರಳು ಹೋಗುವಷ್ಟು ಸಂದು.

"ಕಟ್ಟಿಗಿ ಉಬ್ಬಿದ್ರ ಹಿಂಗ ಆಗೂದಿಲ್ಲೋ ಮೌನೇಶ. ಚೌಕಟ್ಟಾನ ಓರೆ ಆಗೇತಿ. ಅಂದ್ರ ಗ್ವಾಡಿ ಸರದೈತಿ."

ನಲವತ್ತು ವರ್ಷ ಚೌಕಟ್ಟು ಕೂರಿಸಿದ ಮನುಷ್ಯ ಹೇಳಿದ ಮಾತು. ನಾನು ಏನು ಮಾಡಿದೆ? ಕಿಸೆಯಿಂದ ಫೋನ್ ತೆಗೆದು ಮೂಲೆಮಟ್ಟದ ಪಕ್ಕದಲ್ಲೇ ಹಿಡಿದೆ. "ನೋಡ್ರಿ ಮಾಮಾ, ಹಸಿರು. ನಿಮ್ಮ ಮಟ್ಟ ಒಂದ ಮೂಲಿ ನೋಡತೈತಿ. ನಮ್ಮ ಯಂತ್ರ ಹಗಲೂರಾತ್ರಿ ಇಡೀ ಚಾಳ ನೋಡತೈತಿ."

ಮಾಮಾ ಸ್ವಲ್ಪ ಹೊತ್ತು ಆ ಹಸಿರನ್ನೇ ನೋಡಿದರು. ಮೂಲೆಮಟ್ಟವನ್ನು ಪಂಚೆಗೆ ಒರೆಸಿ ಚೀಲದಲ್ಲಿಟ್ಟರು. "ಹಂಗಿದ್ರ ನನ್ನ ಮಟ್ಟಾನ ಕೆಟ್ಟಿರಬೇಕು ಬಿಡು" ಎಂದು ನಕ್ಕರು. ಅವತ್ತೇ ಹತ್ತರಿ ಹೊಡೆದು ಬಾಗಿಲನ್ನು ಸವರಿ, ಓರೆ ಚೌಕಟ್ಟಿಗೆ ಕೂರುವ ಹಾಗೆ ಮಾಡಿದರು. ನನ್ನನ್ನು ಅವರು ಅಷ್ಟು ನಂಬಿದ್ದರು.

ಜುಲೈನಲ್ಲಿ ಮಳೆ ಹಿಡಿಯಿತು. ನಾಲ್ಕು ದಿನ ಸೂರ್ಯನ ಮುಖ ಕಾಣಲಿಲ್ಲ. ಮೇಡಂ ದಿಲ್ಲಿಗೆ ಹೋಗಿದ್ದರು. ಐದನೆಯ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತು ಪರದೆಯ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದೆ. ಊರಿನ ಗೋಡೆಗಳ ದಿನಚರಿ ತೋರಿಸುವ ಗೆರೆಗಳೆಲ್ಲ ಚಪ್ಪಟೆಯಾಗಿದ್ದವು. ಬಿಸಿಲಿಲ್ಲದಿದ್ದರೆ ಗೋಡೆ ಉಬ್ಬುವುದಾದರೂ ಹೇಗೆ? ಏಳನೇ ವಾರ್ಡಿನ ಗೆರೆ ಮಾತ್ರ ಹನ್ನೆರಡು ಗಂಟೆಗೆ ಸರಿಯಾಗಿ ಚೆಂದಕ್ಕೆ ಏರಿತ್ತು. ಊರೆಲ್ಲ ನೆನೆಯುತ್ತಿರುವಾಗ ಆ ಒಂದು ವಾರ್ಡಿಗೆ ಎಲ್ಲಿಯ ಬಿಸಿಲು?

ಹಿಂದಿನ ದಿನದ ಗೆರೆ ತೆಗೆದು ನೋಡಿದೆ. ಅದೇ. ಹಿಂದಿನ ವಾರದ್ದೂ ಅದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅದು ಹೋದ ದಸರೆಯಲ್ಲಿ ಖಂಡೆಪೂಜೆಯ ಹಿಂದಿನ ದಿನ ಬಿದ್ದ ಬಿಸಿಲು. ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಏಳನೇ ಯಂತ್ರವನ್ನು ಎಬ್ಬಿಸಿದೆ. ನಮಸ್ಕಾರವೂ ಇಲ್ಲ, ಏನೂ ಇಲ್ಲ. ಗಿರಣಿ ಚಾಳದ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಹರಿದಿದ್ದವು. ಉಳಿದವು ನಾನು ನೋಡುತ್ತಿದ್ದಂತೆಯೇ ಹರಿಯುತ್ತಿದ್ದವು. ಆದರೆ ಎಚ್ಚರವಾದ ಯಂತ್ರ ಇಪ್ಪತ್ತು ನಿಮಿಷ ಕೇಳಿಸಿಕೊಂಡ ಮೇಲಷ್ಟೇ ಬಣ್ಣ ಬದಲಿಸುತ್ತಿತ್ತು. ಸುಳ್ಳು ಗಾಬರಿ ಆಗಬಾರದೆಂದು ನಾವೇ ಹಾಗೆ ಮಾಡಿದ್ದೆವು. ಅದನ್ನು ಮೀರಿ ಕೆಂಪು ಒತ್ತಲು ಮೇಡಂ ಅವರ ಗುಪ್ತಸಂಖ್ಯೆ ಬೇಕು. ಅವರ ಫೋನ್ ಹತ್ತಲಿಲ್ಲ.

ಬೈಕ್ ಹತ್ತುತ್ತಲೇ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಮಾಮಾನ್ನ ಕರಕೊಂಡು ಈಗಿಂದೀಗ ಕೆಳಗಿಳಿ. ಎಲ್ಲಾರನ್ನೂ ಇಳಸು."

"ಹಸಿರು ಐತೆಲ್ಲೋ ತಮ್ಮಾ?"

"ಹಸಿರು ಸುಳ್ಳೈತಿ ಅಕ್ಕಾ! ನಿನ್ನ ಕಾಲಿಗೆ ಬೀಳತೇನಿ, ಇಳಿ!"

ಹನ್ನೆರಡು ನಿಮಿಷದಲ್ಲಿ ಚಾಳ ಮುಟ್ಟಿದೆ. ಅಕ್ಕ ಅಂಗಳದಲ್ಲಿ ನಿಂತು ಸೌಟಿನಿಂದ ತಾಟು ಬಡಿಯುತ್ತಿದ್ದಳು. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದಳು. ಅರ್ಧ ಜನ ಹೊರಗೆ, ಅರ್ಧ ಜನ ಪಡಸಾಲೆಯಲ್ಲಿ ನಿಂತು ನನಗೇ ಫೋನ್ ತೋರಿಸುತ್ತಿದ್ದರು. "ಏನ್ರೀ ಕಮ್ಮಾರ, ಇಷ್ಟ ವರ್ಷ ಹಸಿರು ನಂಬ್ರಿ ಅಂದ್ರಿ, ಈಗ ನಂಬಬ್ಯಾಡ್ರಿ ಅಂತೀರಿ? ಇಂಥಾ ಮಳ್ಯಾಗ ಕೂಸು ಕುನ್ನಿ ಕಟಗೊಂಡು ಎಲ್ಲಿ ಹೋಗೂಣು?" ಜನರನ್ನು ಹೊರಗೆ ತಂದದ್ದು ಮಾಮಾ. ಮನೆಮನೆಗೆ ಹೋಗಿ, "ನನ್ನ ಕಣ್ಣಲೆ ನೋಡೇನ್ರಿ, ಚೌಕಟ್ಟ ಓರೆ ಆಗ್ಯಾವ, ನಡೀರಿ" ಎಂದು ರಟ್ಟೆ ಹಿಡಿದು ಎಳೆತಂದರು. ಬಡಿಗನ ಮಾತಿಗೆ ಜನ ಕದಲಿದರು.

"ರೇಷ್ಮಾ ಎಲ್ಲಿ?" ಎಂದು ಅಕ್ಕ ಕೂಗಿದಳು. ಹುಸೇನಬಿ ಪೇಟೆಗೆ ಹೋಗಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗಿ ಒಳಗಿನಿಂದ ಅಗಳಿ ಹಾಕಿಕೊಂಡು ಮಲಗಿದ್ದಳು. ನಾನು ಮೆಟ್ಟಿಲ ಕಡೆ ಓಡಿದೆ. ಮಾಮಾ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದರು.

"ಆ ಬಾಗಲಾನೂ ಬಿಗದೈತಿ, ನಿನಗ ತಗಿಯಾಕ ಬರೂದಿಲ್ಲ. ನಾ ಬಡಿಗ್ಯಾ ಅದೇನಿ, ಸರಿ."

ಉಳಿ, ಸುತ್ತಿಗೆ ಹಿಡಿದು ಹತ್ತಿದರು. ಮೇಲೆ ಬಾಗಿಲು ಕೀಳುವ ಸದ್ದು ಕೇಳಿಸಿತು, ಮೂರು ಏಟು, ನಾಲ್ಕು ಏಟು. ಬಾಗಿಲು ತೆರೆದದ್ದೂ ಕೇಳಿಸಿತು. "ಏಳವಾ ತಂಗಿ, ಏಳು" ಎಂದ ದನಿಯೂ ಕೇಳಿಸಿತು. ಆಮೇಲೆ ಮೆಟ್ಟಿಲಿದ್ದ ನಡುಭಾಗವೆಲ್ಲ ಒಳಕ್ಕೆ ಕುಸಿದು ಕೂತುಬಿಟ್ಟಿತು. ದೂಳೂ ಏಳಲಿಲ್ಲ, ಅಷ್ಟು ಮಳೆ. ಅದೇ ಹೊತ್ತಿಗೆ ಅಂಗಳದಲ್ಲಿದ್ದವರ ಫೋನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಕೆಂಪು ಬಂದಿತ್ತು.

ಇಬ್ಬರನ್ನೂ ಸಂಜೆಯ ಹೊತ್ತಿಗೆ ಹೊರಗೆ ತೆಗೆದರು.

ಅದರ ನಂತರದ ದಿನಗಳನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಪತ್ರಿಕೆಯಲ್ಲಿ ನನ್ನ ಫೋಟೊ ಬಂತು. ಯಂತ್ರಕ್ಕಿಂತ ಎಂಟು ನಿಮಿಷ ಮೊದಲು ಬಂದು ಜೀವ ಉಳಿಸಿದ ಕಮ್ಮಾರ! ಚಾಳದವರು ತಾತ್ಕಾಲಿಕವಾಗಿ ಇದ್ದ ಶಾಲೆಯಲ್ಲಿ ನನಗೆ ಶಾಲು ಹೊದಿಸಿದರು. ಶಾಲು ಹೊದ್ದುಕೊಂಡೇ ಕೂತೆ. ಹುಸೇನಬಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಮಾಮಾ ನನ್ನ ಮಗಳ ಸಲುವಾಗಿ ಜೀವಾ ಕೊಟ್ಟರು. ನೀವು ಮಳ್ಯಾಗ ಓಡಿ ಬಂದ್ರಿ. ಅಲ್ಲಾ ನಿಮ್ಮನ್ನ ಚೆನ್ನಾಗಿ ಇಟ್ಟಿರಲಿ ಅಣ್ಣಾ" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೇಡಂ ಅವರಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಅವರು ಏಳನೇ ಯಂತ್ರದ ಮುಂದೆ ಕೂತು ಆ ನಾಲ್ಕು ಸಾಲುಗಳನ್ನು ತೆರೆದು ಓದಿದರು. ಕೊನೆಗೆ, "ನಾಲ್ಕು ಸಾಲಿಗೆ ಒಪ್ಪಿದವಳು ನಾನು. ಸೋಮವಾರ ಸಮಿತಿ ಮುಂದೆ ಇಬ್ಬರೂ ಹೇಳೋಣ. ಅದಕ್ಕೆ ಮುಂಚೆ ನಿಮ್ಮ ಅಕ್ಕನಿಗೆ ನೀವೇ ಹೇಳಿ ಮೌನೇಶ್. ಪೇಪರ್‌ನಲ್ಲಿ ಓದೋ ಹಾಗಾಗಬಾರದು" ಎಂದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದಿತ್ತು. ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ಪೂಜೆ, ಹೂವು, ಬನ್ನಿ, ಆರನೆಯದಾದ ಮೇಲೆ ಎಂಟನೆಯದು, ಒಂದನ್ನೂ ಬಿಡದೆ ಹೇಳಿದೆ. ಮೊರದ ಮೇಲೆ ಆಡುತ್ತಿದ್ದ ಕೈ ನಿಂತಿತು.

"ನಾ ಫೋನ್ ಮಾಡಿದ್ನೆಲ್ಲೋ ತಮ್ಮಾ, ಬಾಗಲಾ ಹಾಕಾಕ ಬರವಲ್ದು ಅಂತ."

"ಹೂಂ ಅಕ್ಕಾ."

"ಅವರು ಮಟ್ಟ ಇಟ್ಟು ತೋರಿಸಿದ್ರು."

"ಹೂಂ."

"ಅವತ್ತ ನೀ ಎದ್ದು ಹೋಗಿ ಆ ಯಂತ್ರ ನೋಡಿದ್ರ?"

"ಇಬ್ಬರೂ ಇರತಿದ್ರು ಅಕ್ಕಾ."

ಆಕೆ ಮೊರವನ್ನು ಪಕ್ಕಕ್ಕಿಟ್ಟು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮಾಮಾ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ನಾನು ಮುಟ್ಟಲು ಹೋದರೆ ಕೈ ಕೊಡವಿದಳು. ಬಹಳ ಹೊತ್ತಿನ ಮೇಲೆ ಎದ್ದು ಮುಖ ತೊಳೆದುಕೊಂಡು ಬಂದಳು.

"ನನ್ನ ಗಂಡನ ಪಾಲಿಂದು ನಾ ನುಂಗತೇನಿ. ಒಡಹುಟ್ಟಿದಾಂವ ನೀನು, ನುಂಗದ ಎಲ್ಲಿಗೆ ಹೋಗ್ಲಿ? ಆದ್ರ ಹುಸೇನಬಿ ದಿನಾ ನಿನ್ನ ಹೆಸರಲೆ ದುವಾ ಮಾಡತಾಳ. ಅದನ್ನ ಕೇಳಿಕೊಂಡು ನನಗ ಸುಮ್ಮನ ಇರಾಕ ಆಗೂದಿಲ್ಲ. ಸೋಮವಾರದ ತನಕ ಕಾಯಬ್ಯಾಡ. ಏಳು, ಈಗ ನಡಿ. ನಾನೂ ಬರತೇನಿ, ಆದ್ರ ಮಾತಾಡಾಂವ ನೀನು."

ಹುಸೇನಬಿ ತನ್ನ ತಮ್ಮನ ಮನೆಯಲ್ಲಿದ್ದಳು. ಹೊಲಿಗೆ ಯಂತ್ರವೊಂದು ಹೇಗೋ ಉಳಿದಿತ್ತು. ಅದರ ಮುಂದೆ ಸುಮ್ಮನೆ ಕೂತಿದ್ದಳು. ನಮ್ಮನ್ನು ಕಂಡವಳೇ ಎದ್ದು ಚಾಪೆ ಹಾಸಿ, "ಅಣ್ಣಾ ಬಂದಾರ, ಚಾ ಇಡ್ರಿ" ಎಂದು ಒಳಕ್ಕೆ ಕೂಗಿದಳು.

"ಚಾ ಬ್ಯಾಡ ಹುಸೇನಬಿ. ಮೊದಲ ನಾ ಹೇಳೂದು ಕೇಳು" ಎಂದೆ. ಅಕ್ಕನ ಕಡೆ ನೋಡಿದೆ. ಆಕೆ ನೆಲ ನೋಡುತ್ತಿದ್ದಳು. "ನಿಮ್ಮ ಫೋನಿನ್ಯಾಗ ಇದ್ದ ಹಸಿರು ಸುಳ್ಳಿತ್ತು. ಯಂತ್ರ ಕೆಟ್ಟಿರಲಿಲ್ಲ. ಪೂಜಾಕ್ಕಂತ ನಾನ ಅದನ್ನ ಮಲಗಿಸಿದ್ದೆ. ಎಬ್ಬಸೂದು ನನ್ನ ಕೆಲಸ ಇತ್ತು. ಮರತೆ. ಚಾಳ ಬೀಳತೈತಿ ಅಂತ ಗ್ವಾಡಿ ದಿನಾ ಹೇಳಾಕತ್ತಿತ್ತು, ಕೇಳವರು ಯಾರೂ ಇರಲಿಲ್ಲ. ನಿನ್ನ ಮಗಳು ಹೋಗಿದ್ದು ನನ್ನಿಂದ."

ಬೈಯಲಿ, ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ. ಒಳಗಿನಿಂದ ಯಾರೋ ಚಹಾ ತಂದಿಟ್ಟು ಹೋದರು.

"ಎಷ್ಟ ದಿನ ಮರತಿದ್ರಿ ಅಣ್ಣಾ?" ಎಂದು ಹುಸೇನಬಿ ಕೇಳಿದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಒಂಬತ್ತ ತಿಂಗಳು."

"ಒಂಬತ್ತ ತಿಂಗಳು" ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ಆಕಿನ್ನ ನಾ ಹೊಟ್ಟ್ಯಾಗ ಇಟಗೊಂಡಿದ್ದೂ ಅಷ್ಟ ದಿನಾನ ಅಣ್ಣಾ. ಒಂದ ದಿನಾನೂ ಮರತಿರಲಿಲ್ಲ."